ಅಭಿಮಾನವೂ ಅಧ್ಯಯನದ ವಸ್ತುವೇ?

ಪ್ರಶ್ನೆ: ನಟರ ಜನಪ್ರಿಯತೆಯ ಮೇಲೆ ಸಂಶೋಧನೆ ಮಾಡುತ್ತೇನೆಂದು ಮಗಳು ಹಠ ಹಿಡಿದಿದ್ದಾಳೆ. ಇದೂ ಒಂದು ಓದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಓದೇ ಹೌದು, ಹೊಸತೂ ಅಲ್ಲ. ತಾರೆಯೆಂದರೆ ಬರೀ ವ್ಯಕ್ತಿಯಲ್ಲ, ಸಿನಿಮಾ, ಪ್ರಚಾರ, ವಿಮರ್ಶೆಗಳು ಸೇರಿ ಕಟ್ಟಿದ ಬಿಂಬವೆಂದು ಬ್ರಿಟನ್ನಿನ ಸಿನಿಮಾ ವಿದ್ವಾಂಸ ರಿಚರ್ಡ್ ಡೈಯರ್ 1979ರಲ್ಲೇ ವಾದಿಸಿದ್ದರು. 2010ರಿಂದ ಈ ವಿಷಯಕ್ಕೇ ಮೀಸಲಾದ ವಿದ್ವತ್ ಪತ್ರಿಕೆಯೂ ಇದೆ. ನಮ್ಮ ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬರುವುದಕ್ಕೆ ಎಷ್ಟೋ ಮೊದಲೇ, ಅವರ ಕೀಚಕನಿಗಾಗಿ ನಿದ್ದೆಗೆಟ್ಟು ಕಾದು, ಚಂಡೆ ಏರುತ್ತಿದ್ದಂತೆ ಶಿಳ್ಳೆ ಹೊಡೆದು, ಮರುದಿನ ಚಹಾದಂಗಡಿಯಲ್ಲಿ ಜಗಳಕ್ಕಿಳಿಯುತ್ತಿದ್ದ ಪ್ರೇಕ್ಷಕರಿದ್ದರು (ನಾನೂ ಅವರಲ್ಲೊಬ್ಬ). ಆ ಜಗಳ ಕಲೆಯದೋ ಅಭಿಮಾನದ್ದೋ ಎಂಬುದೇ ಒಳ್ಳೆಯ ಸಂಶೋಧನಾ ಪ್ರಶ್ನೆ. ಇದಕ್ಕೆ ಪ್ರತ್ಯೇಕ ವಿಭಾಗವನ್ನು ಹುಡುಕುವ ಬದಲು, ಪತ್ರಿಕೋದ್ಯಮ ಅಥವಾ ಸಮಾಜಶಾಸ್ತ್ರದಲ್ಲಿ ಆಸಕ್ತ ಮಾರ್ಗದರ್ಶಕರನ್ನು ಮೊದಲು ವಿಚಾರಿಸಿ.