ಓದುಗರ ಅಂಕಣ: ಆಸ್ಟ್ರಿಯಾದ ವುಂಡರ್‌ಟೀಮ್ ಸೋಲದೆ ಆಡಿದ್ದು ಎಷ್ಟು ಪಂದ್ಯ?

ಎರಡು ಮಹಾಯುದ್ಧಗಳ ನಡುವಿನ ಫುಟ್‌ಬಾಲ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಸ್ಟ್ರಿಯಾ ತಂಡದ ಕುರಿತೇ ಇದ್ದವು. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: 'ವುಂಡರ್‌ಟೀಮ್' ಸತತ 14 ಪಂದ್ಯ ಸೋಲಲಿಲ್ಲ ಎಂದು ಒಂದು ಕಡೆ ಓದಿದೆ, 12 ಎಂದು ಇನ್ನೊಂದು ಕಡೆ. ಯಾವುದು ಸರಿ? (ದಾವಣಗೆರೆಯ ಓದುಗರು)

ಉತ್ತರ: ಎರಡೂ ಸರಿ. ಎಣಿಕೆ ಎಲ್ಲಿಂದ ಶುರು ಮಾಡುತ್ತೀರಿ ಎಂಬುದರಲ್ಲಷ್ಟೇ ವ್ಯತ್ಯಾಸ. 1931ರ ಫೆಬ್ರುವರಿ 22ರಂದು ಮಿಲಾನ್‌ನಲ್ಲಿ ಆಸ್ಟ್ರಿಯಾ ಇಟಲಿಗೆ 1–2ರಿಂದ ಸೋತಿತು. ಅದಾದ ಮೇಲಿನ ಸೋಲು 1932ರ ಡಿಸೆಂಬರ್ 7ರಂದು ಲಂಡನ್‌ನಲ್ಲಿ. ಈ ಎರಡು ಸೋಲುಗಳ ನಡುವೆ ಆಡಿದ್ದು 14 ಪಂದ್ಯ. ನೀವೇ ಲೆಕ್ಕ ಹಾಕಲು ಅನುಕೂಲವಾಗಲಿ ಎಂದು ಸಾಲಾಗಿ ಕೊಡುತ್ತಿದ್ದೇವೆ. ಆಸ್ಟ್ರಿಯಾದ ಗೋಲು ಮೊದಲು.

1931ರಲ್ಲಿ: ಏಪ್ರಿಲ್ 12, ಚೆಕೊಸ್ಲೊವಾಕಿಯಾ ವಿರುದ್ಧ 2–1. ಮೇ 3, ಹಂಗೇರಿ 0–0. ಮೇ 16, ಸ್ಕಾಟ್ಲೆಂಡ್ 5–0. ಮೇ 24, ಬರ್ಲಿನ್‌ನಲ್ಲಿ ಜರ್ಮನಿ 6–0. ಜೂನ್ 16, ಸ್ವಿಟ್ಜರ್ಲೆಂಡ್ 2–0. ಸೆಪ್ಟೆಂಬರ್ 13, ವಿಯೆನ್ನಾದಲ್ಲಿ ಮತ್ತೆ ಜರ್ಮನಿ 5–0. ಅಕ್ಟೋಬರ್ 4, ಬುಡಾಪೆಸ್ಟ್‌ನಲ್ಲಿ ಹಂಗೇರಿ 2–2. ನವೆಂಬರ್ 29, ಬಾಸೆಲ್‌ನಲ್ಲಿ ಸ್ವಿಟ್ಜರ್ಲೆಂಡ್ 8–1.

1932ರಲ್ಲಿ: ಮಾರ್ಚ್ 20, ಇಟಲಿ 2–1. ಏಪ್ರಿಲ್ 24, ಹಂಗೇರಿ 8–2. ಮೇ 22, ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯಾ 1–1. ಜುಲೈ 17, ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ 4–3. ಅಕ್ಟೋಬರ್ 2, ಬುಡಾಪೆಸ್ಟ್‌ನಲ್ಲಿ ಹಂಗೇರಿ 3–2. ಅಕ್ಟೋಬರ್ 23, ಸ್ವಿಟ್ಜರ್ಲೆಂಡ್ 3–1.

ಒಟ್ಟು 11 ಗೆಲುವು, 3 ಡ್ರಾ. ಹೊಡೆದ ಗೋಲು 51, ಬಿಟ್ಟುಕೊಟ್ಟದ್ದು 14. ತಂಡಕ್ಕೆ 'ವುಂಡರ್‌ಟೀಮ್', ಅಂದರೆ ಅದ್ಭುತ ತಂಡ ಎಂಬ ಹೆಸರು ಬಂದದ್ದು ಸ್ಕಾಟ್ಲೆಂಡ್ ಪಂದ್ಯದಿಂದ ಶುರುವಾದ ಓಟದಲ್ಲಿ. ಅಲ್ಲಿಂದಲೇ ಎಣಿಸುವವರಿಗೆ ಮೊದಲ ಎರಡು ಪಂದ್ಯ ಬಿಟ್ಟುಹೋಗುತ್ತವೆ: 12 ಪಂದ್ಯ, 10 ಗೆಲುವು, 2 ಡ್ರಾ, ಗೋಲು 49–13. ಸೋಲದ ಓಟ ಎಂದರೆ ಎರಡು ಸೋಲುಗಳ ನಡುವಿನ ಅಂತರವೇ ಆದ್ದರಿಂದ, 14 ಎಂದು ಬರೆಯುವುದೇ ಸರಿಯೆಂದು ನಮಗೆ ತೋರುತ್ತದೆ.

ಇನ್ನೊಂದು ವಿಷಯ. ಈ ಪಟ್ಟಿಯ ಅಬ್ಬರದ ಗೆಲುವುಗಳಲ್ಲಿ ಹೆಚ್ಚಿನವು ಕಪ್ ಪಂದ್ಯಗಳಲ್ಲ. ಹಂಗೇರಿ ವಿರುದ್ಧದ 8–2 ಸೌಹಾರ್ದ ಪಂದ್ಯ. ಅದರಲ್ಲಿ ಆಸ್ಟ್ರಿಯಾದ ಫಾರ್ವರ್ಡ್‌ಗಳಾದ ಶಾಲ್ 4, ಸಿಂಡೆಲಾರ್ 3 ಗೋಲು ಹೊಡೆದರು. ಪಾಯಿಂಟ್ ಲೆಕ್ಕಕ್ಕೆ ಬಂದದ್ದು ಅದೇ ಹಂಗೇರಿ ವಿರುದ್ಧದ 0–0 ಮತ್ತು 2–2.

ಪ್ರಶ್ನೆ: ಹಾಗಾದರೆ ಆ ಕಪ್ ಯಾವುದು? ಆಸ್ಟ್ರಿಯಾ ಗೆದ್ದಿತೇ?

ಉತ್ತರ: ಮಧ್ಯ ಯುರೋಪಿನ ಅಂತಾರಾಷ್ಟ್ರೀಯ ಕಪ್. 1927ರಲ್ಲಿ ಶುರುವಾಯಿತು, ಇದರ ಹಿಂದೆ ಓಡಾಡಿದ ಮುಖ್ಯ ವ್ಯಕ್ತಿ ಆಸ್ಟ್ರಿಯಾ ತಂಡದ ಮುಖ್ಯಸ್ಥ ಹ್ಯೂಗೋ ಮೈಸ್ಲ್. ಆಸ್ಟ್ರಿಯಾ, ಹಂಗೇರಿ, ಚೆಕೊಸ್ಲೊವಾಕಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಎಂಬ ಐದು ದೇಶಗಳು. ಪ್ರತಿ ತಂಡ ಉಳಿದ ನಾಲ್ಕರ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ, ಒಟ್ಟು 8 ಪಂದ್ಯ ಆಡಬೇಕು. ಗೆದ್ದರೆ 2 ಪಾಯಿಂಟ್, ಡ್ರಾಕ್ಕೆ 1. ಇಂದಿನ ಹಾಗೆ ಒಂದೇ ತಿಂಗಳಲ್ಲಿ ಮುಗಿಯುವ ಟೂರ್ನಿ ಅಲ್ಲ. ಬಿಡುವು ಸಿಕ್ಕ ಭಾನುವಾರಗಳಲ್ಲಿ ಎರಡು ವರ್ಷ, ಮೂರು ವರ್ಷ ಎಳೆದುಕೊಂಡು ಹೋಗುತ್ತಿತ್ತು.

1931–32ರ ಎರಡನೇ ಕಪ್ ಆಸ್ಟ್ರಿಯಾದ್ದು. ಮೇಲಿನ ಪಟ್ಟಿಯ ಏಳು ಪಂದ್ಯಗಳಿಗೆ ಮಿಲಾನ್ ಸೋಲನ್ನು ಸೇರಿಸಿ: 4 ಗೆಲುವು, 3 ಡ್ರಾ, 1 ಸೋಲು, 11 ಪಾಯಿಂಟ್. ಇಟಲಿಗೆ 9. ಮೊದಲ ಮತ್ತು ಮೂರನೆಯ ಕಪ್ ಇಟಲಿ ಪಾಲಾದವು. ನಾಲ್ಕನೆಯದು 1938ರಲ್ಲಿ ಅರ್ಧಕ್ಕೇ ನಿಂತಿತು.

ಪ್ರಶ್ನೆ: ಸ್ಕಾಟ್ಲೆಂಡ್‌ಗೆ 5–0 ಎನ್ನುವುದು ನಿಜವಾಗಿ ಅಷ್ಟು ದೊಡ್ಡ ಗೆಲುವೇ?

ಉತ್ತರ: ವಿಯೆನ್ನಾಕ್ಕೆ ಬಂದ ಸ್ಕಾಟ್ಲೆಂಡ್ ತಂಡದಲ್ಲಿ ರೇಂಜರ್ಸ್, ಸೆಲ್ಟಿಕ್ ಕ್ಲಬ್‌ಗಳ ಆಟಗಾರರು ಇರಲಿಲ್ಲ. ಅದನ್ನು ಬರೆಯದೆ 5–0 ಎಂದಷ್ಟೇ ಬರೆಯುವುದು ಅರೆ ಸತ್ಯ. ಆದರೆ ಚಿಕ್ಕ ಚಿಕ್ಕ ಪಾಸ್‌ಗಳ ಆಟವನ್ನು ವಿಯೆನ್ನಾ ಕಲಿತದ್ದೇ ಸ್ಕಾಟಿಷ್ ಶೈಲಿಯಿಂದ. ಅದೇ ಆಟದಲ್ಲಿ ಅವರನ್ನು ಹೋಹೆ ವಾರ್ಟೆ ಮೈದಾನದಲ್ಲಿ ಒಂದು ಗೋಲೂ ಬಿಡದೆ ಸೋಲಿಸಿದ್ದು ಸಣ್ಣ ಮಾತಲ್ಲ. ಜಿಶೆಕ್ 2, ಶಾಲ್, ಫೋಗ್ಲ್, ಸಿಂಡೆಲಾರ್ ತಲಾ 1. ಎಂಟು ದಿನದ ನಂತರದ ಬರ್ಲಿನ್‌ನ 6–0 ನಮ್ಮ ಲೆಕ್ಕದಲ್ಲಿ ಇನ್ನೂ ದೊಡ್ಡದು, ಏಕೆಂದರೆ ಅದು ಎದುರಾಳಿಯ ನೆಲ.

ಪ್ರಶ್ನೆ: ಸಿಂಡೆಲಾರ್ ಹಿಂದೆ ಸರಿದು ಆಡುತ್ತಿದ್ದರಂತೆ. ಮುಂದೆ ನಿಲ್ಲಬೇಕಾದ ಸೆಂಟರ್ ಫಾರ್ವರ್ಡ್ ಹಿಂದೆ ಬಂದರೆ ಲಾಭವೇನು? ನಮ್ಮ ಕಾಲೇಜು ತಂಡದಲ್ಲಿ ಮಾಡಿ ನೋಡಿದೆವು, ಕೆಲಸ ಮಾಡಲಿಲ್ಲ. (ಬೆಳಗಾವಿಯ ವಿದ್ಯಾರ್ಥಿ)

ಉತ್ತರ: ಒಳ್ಳೆಯ ಪ್ರಶ್ನೆ. ಮೊದಲು ಅಂದಿನ ನಿಲುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಮುಂದೆ ಐವರು ಫಾರ್ವರ್ಡ್. ಸ್ಕಾಟ್ಲೆಂಡ್ ವಿರುದ್ಧ ಇಳಿದವರು: ಹೀಡನ್, ಶ್ರಾಮ್‌ಸೈಸ್, ಬ್ಲುಮ್, ಬ್ರೌನ್, ಸ್ಮಿಸ್ಟಿಕ್, ಗಾಲ್, ಜಿಶೆಕ್, ಗ್ಶ್ವೈಡ್ಲ್, ಸಿಂಡೆಲಾರ್, ಶಾಲ್, ಫೋಗ್ಲ್.

1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ಮುಂದಿನ ಆಟಗಾರನಿಗೂ ಗೋಲು ಗೆರೆಗೂ ನಡುವೆ ಮೂವರು ಎದುರಾಳಿಗಳು ಇರಬೇಕಿತ್ತು. ಆಮೇಲೆ ಇಬ್ಬರು ಸಾಕಾಯಿತು. ಇಂಗ್ಲೆಂಡಿನಲ್ಲಿ ಗೋಲುಗಳ ಸುರಿಮಳೆ ತಡೆಯಲು ಸೆಂಟರ್ ಹಾಫ್‌ನನ್ನು ಇಬ್ಬರು ಬ್ಯಾಕ್‌ಗಳ ನಡುವೆ ಇಳಿಸಿ ಕಾವಲಿಗೆ ನಿಲ್ಲಿಸಿದರು. ವಿಯೆನ್ನಾದಲ್ಲಿ ಹಾಗೆ ಮಾಡಲಿಲ್ಲ. ಅಲ್ಲಿನ ಸೆಂಟರ್ ಹಾಫ್, ಅಂದರೆ ಮೂವರು ಹಾಫ್‌ಬ್ಯಾಕ್‌ಗಳಲ್ಲಿ ನಡುವಿನವರಾದ ಸ್ಮಿಸ್ಟಿಕ್, ಮೈದಾನದ ನಡುವೆಯೇ ಉಳಿದು ಚೆಂಡು ಹಂಚುವ ಕೆಲಸ ಮಾಡಿದರು.

ಈಗ ಒಂದು ದಾಳಿಯನ್ನು ನಿಧಾನವಾಗಿ ನೋಡಿ. ಬ್ಯಾಕ್ ಕಾಲಿನಿಂದ ಚೆಂಡು ಸ್ಮಿಸ್ಟಿಕ್‌ಗೆ ಬರುತ್ತದೆ. ಅದೇ ಹೊತ್ತಿಗೆ ಸಿಂಡೆಲಾರ್ ಗೋಲಿಗೆ ಬೆನ್ನು ಮಾಡಿ ಹತ್ತು ಹದಿನೈದು ಹೆಜ್ಜೆ ಹಿಂದಕ್ಕೆ ಬರುತ್ತಾರೆ. ಅವರನ್ನು ಕಾಯುವವನಿಗೆ ಎರಡೇ ದಾರಿ. ಬೆನ್ನು ಹತ್ತಿ ಹೋದರೆ ಅವನು ಬಿಟ್ಟ ಜಾಗ ಖಾಲಿ. ಅಲ್ಲೇ ನಿಂತರೆ ಸಿಂಡೆಲಾರ್ ತಿರುಗಿ ಆಡಲು ಪುರಸೊತ್ತು. ಅವನು ಹಿಂದೆ ಹೋದ ಕ್ಷಣದಲ್ಲೇ ಶಾಲ್ ಅಥವಾ ಗ್ಶ್ವೈಡ್ಲ್ ಆ ಖಾಲಿ ಜಾಗಕ್ಕೆ ನುಗ್ಗುತ್ತಾರೆ, ಸಿಂಡೆಲಾರ್ ಒಂದೇ ಸ್ಪರ್ಶದಲ್ಲಿ ಚೆಂಡನ್ನು ನೆಲಕ್ಕಂಟಿಸಿ ಅವರ ಓಟದ ಮುಂದಕ್ಕೆ ತಳ್ಳುತ್ತಾರೆ. ಮೈಕಟ್ಟು ತೆಳು ಇದ್ದುದರಿಂದ ಅವರಿಗೆ 'ಕಾಗದದ ಮನುಷ್ಯ' ಎಂದೇ ಅಡ್ಡಹೆಸರು. ಆಪರೇಷನ್ ಆದ ಬಲಮಂಡಿಗೆ ಪಟ್ಟಿ ಸುತ್ತಿಕೊಂಡೇ ಆಡುತ್ತಿದ್ದರು. ಗುದ್ದಾಡಿ ಜಾಗ ಮಾಡಿಕೊಳ್ಳುವ ಮೈ ಅದಲ್ಲ. ಕಾವಲುಗಾರ ಹತ್ತಿರ ಬರುವ ಮೊದಲೇ ಚೆಂಡು ಕಾಲಿನಿಂದ ಹೋಗಿರಬೇಕಿತ್ತು.

ನಿಮ್ಮ ತಂಡದಲ್ಲಿ ಕೆಟ್ಟದ್ದು ಬಹುಶಃ ಇಲ್ಲಿ: ಒಬ್ಬ ಹಿಂದೆ ಬಂದ, ಅವನ ಜಾಗಕ್ಕೆ ಯಾರೂ ಓಡಲಿಲ್ಲ. ಆಗ ದಾಳಿಯಲ್ಲಿ ಒಬ್ಬ ಕಡಿಮೆಯಾದ, ಅಷ್ಟೇ. ಹಿಂದೆ ಬರುವುದು ಮತ್ತು ಒಳಗೆ ನುಗ್ಗುವುದು ಒಟ್ಟಿಗೇ ಆಗಬೇಕು. ಚೆಂಡು ಸೆಂಟರ್ ಫಾರ್ವರ್ಡ್ ಕಾಲಿಗೆ ಬಂದ ಮೇಲೆ ಓಡಲು ಶುರು ಮಾಡಿದರೆ ತಡವಾಯಿತು. ಚೆಂಡು ಹಾಫ್‌ಬ್ಯಾಕ್ ಕಾಲಿನಿಂದ ಹೊರಟಾಗಲೇ ಓಟ ಶುರುವಾಗಬೇಕು. ವಿಂಗರ್‌ಗಳು ಗೆರೆ ಹಿಡಿದೇ ಇರಬೇಕು, ಅವರೂ ಒಳಗೆ ಸರಿದರೆ ಎದುರಾಳಿ ಬ್ಯಾಕ್‌ಗಳು ಒಟ್ಟಾಗಿಬಿಡುತ್ತಾರೆ. ಇನ್ನೊಂದು: ನೆಲ. ಈ ಆಟಕ್ಕೆ ಚೆಂಡು ಸರಾಗ ಉರುಳುವ, ಒಣಗಿದ ಮೈದಾನ ಬೇಕು. ಮಳೆಗಾಲದ ಕೆಸರಿನಲ್ಲಿ ಕಲಿಯಲು ಹೋಗಬೇಡಿ.

ಪ್ರಶ್ನೆ: ಕೆಸರಿನ ಕಾರಣಕ್ಕೇ 1934ರ ವಿಶ್ವಕಪ್ ಕೈತಪ್ಪಿತು ಎನ್ನುತ್ತಾರಲ್ಲ?

ಉತ್ತರ: ಕೆಸರು ಒಂದು ಕಾರಣ, ಅದೊಂದೇ ಅಲ್ಲ. ಆಸ್ಟ್ರಿಯಾ ಮೊದಲ ಪಂದ್ಯದಲ್ಲಿ ಮೇ 27ರಂದು ಟುರಿನ್‌ನಲ್ಲಿ ಫ್ರಾನ್ಸನ್ನು ಸೋಲಿಸಲು ಹೆಚ್ಚುವರಿ ಸಮಯ ಆಡಬೇಕಾಯಿತು, 3–2. ಮೇ 31ರಂದು ಬೊಲೊನ್ಯಾದಲ್ಲಿ ಹಂಗೇರಿ ಜೊತೆ ಒರಟು ಪಂದ್ಯ, 2–1. ಮೂರು ದಿನ ಕಳೆದು ಜೂನ್ 3ಕ್ಕೆ ಮಿಲಾನ್‌ನ ಸಾನ್ ಸಿರೊದಲ್ಲಿ ಸೆಮಿಫೈನಲ್. ಮಳೆಗೆ ನೆಲ ಕಲೆಸಿಹೋಗಿತ್ತು, ಎದುರಿಗೆ ಇಟಲಿ. 19ನೇ ನಿಮಿಷದಲ್ಲಿ ಆಸ್ಟ್ರಿಯಾದ ಗೋಲ್‌ಕೀಪರ್ ಪ್ಲಾಟ್ಸರ್ ಮುಂದಿನ ಗುಂಪುಗದ್ದಲದಲ್ಲಿ ಗ್ವಾಯಿಟಾ ಚೆಂಡನ್ನು ಒಳಗೆ ದೂಡಿದರು. ಅದೇ ಪಂದ್ಯದ ಏಕೈಕ ಗೋಲು. ಇಟಲಿಯ ಲೂಯಿಸ್ ಮೊಂಟಿ ಸಿಂಡೆಲಾರ್ ಬೆನ್ನು ಬಿಡಲಿಲ್ಲ. ಮೇಲೆ ಹೇಳಿದ ಖಾಲಿ ಜಾಗಕ್ಕೆ ನುಗ್ಗುವ ಆಟ ಅಂಟು ನೆಲದಲ್ಲಿ ನಡೆಯಲಿಲ್ಲ, ಚೆಂಡು ಓಟಗಾರನ ಮುಂದೆ ಹೋಗುವ ಬದಲು ಹಿಂದೆಯೇ ಸಿಕ್ಕಿಕೊಳ್ಳುತ್ತಿತ್ತು.

ಇದೇ ಇಟಲಿಯನ್ನು ಅದೇ ವರ್ಷ ಫೆಬ್ರುವರಿ 11ರಂದು ಟುರಿನ್‌ನಲ್ಲೇ ಆಸ್ಟ್ರಿಯಾ 4–2ರಿಂದ ಸೋಲಿಸಿತ್ತು, ಜಿಶೆಕ್ 3 ಗೋಲು. ಆದರೆ ತಂಡದ ಉತ್ತುಂಗ ಅಷ್ಟರಲ್ಲಿ ದಾಟಿಹೋಗಿತ್ತು ಎಂಬುದು ನಮ್ಮ ಅಭಿಪ್ರಾಯ. ಹೀಡನ್ ಫ್ರಾನ್ಸಿನ ಕ್ಲಬ್ ಸೇರಿದ್ದರು, ಗ್ಶ್ವೈಡ್ಲ್, ಫೋಗ್ಲ್ ಇರಲಿಲ್ಲ. ಮೂರನೇ ಸ್ಥಾನದ ಪಂದ್ಯದಲ್ಲಿ ಸಿಂಡೆಲಾರ್ ಆಡಲಿಲ್ಲ. ಜರ್ಮನಿ 3–2ರಿಂದ ಗೆದ್ದಿತು.

ಪ್ರಶ್ನೆ: 1930ರ ವಿಶ್ವಕಪ್‌ಗೆ ಏಕೆ ಹೋಗಲಿಲ್ಲ?

ಉತ್ತರ: ಉರುಗ್ವೆಗೆ ಹಡಗಿನಲ್ಲಿ ಹೋಗಿಬರುವುದೆಂದರೆ ಆಟಗಾರರು ವಾರಗಟ್ಟಲೆ ಕ್ಲಬ್ ಬಿಟ್ಟಿರಬೇಕು. ವಿಯೆನ್ನಾದಲ್ಲಿ 1924ರಿಂದಲೇ ವೃತ್ತಿಪರ ಲೀಗ್ ಇತ್ತು. ಯುರೋಪಿನಿಂದ ಹೋದದ್ದು ಫ್ರಾನ್ಸ್, ಬೆಲ್ಜಿಯಂ, ರುಮೇನಿಯಾ, ಯುಗೊಸ್ಲಾವಿಯಾ ಮಾತ್ರ.

ಪ್ರಶ್ನೆ: ಸೋತ ಲಂಡನ್ ಪಂದ್ಯವನ್ನೇ ಅವರ ಶ್ರೇಷ್ಠ ಪಂದ್ಯವೆಂದು ಕೊಂಡಾಡುವುದು ಏಕೆ? (ಮೈಸೂರಿನ ಓದುಗರು)

ಉತ್ತರ: ಗೋಲುಗಳ ಕ್ರಮ ನೋಡಿದರೆ ಅರ್ಥವಾಗುತ್ತದೆ. ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಮೊದಲರ್ಧ ಮುಗಿದಾಗ ಇಂಗ್ಲೆಂಡ್ 2–0 ಮುಂದೆ, ಎರಡೂ ಹ್ಯಾಂಪ್ಸನ್ ಗೋಲು. ದ್ವಿತೀಯಾರ್ಧದಲ್ಲಿ ಜಿಶೆಕ್ 2–1 ಮಾಡಿದರು. ಹೌಟನ್ 3–1. ಸಿಂಡೆಲಾರ್ 3–2. ಕ್ರುಕ್ಸ್ 4–2. ಮತ್ತೆ ಜಿಶೆಕ್ 4–3. ಅಂದರೆ ಎರಡನೇ ಅರ್ಧವನ್ನಷ್ಟೇ ತೆಗೆದುಕೊಂಡರೆ ಆಸ್ಟ್ರಿಯಾ 3–2ರಿಂದ ಗೆದ್ದಂತೆ. ಆ ಕಾಲಕ್ಕೆ ಇಂಗ್ಲೆಂಡನ್ನು ಅದರ ನೆಲದಲ್ಲಿ ಯುರೋಪಿನ ಮುಖ್ಯಭೂಮಿಯ ಯಾವ ತಂಡವೂ ಸೋಲಿಸಿರಲಿಲ್ಲ. ವಿಯೆನ್ನಾದ ಹೆಲ್ಡೆನ್‌ಪ್ಲಾಟ್ಸ್ ಚೌಕದಲ್ಲಿ ಧ್ವನಿವರ್ಧಕ ಕಟ್ಟಿ ರೇಡಿಯೊ ವಿವರಣೆ ಕೇಳಿಸಿದರು, ಡಿಸೆಂಬರ್ ಚಳಿಯಲ್ಲಿ ಜನ ನಿಂತು ಕೇಳಿದರು. ತಪ್ಪಿದ್ದೆಲ್ಲಿ? ಮೊದಲರ್ಧದಲ್ಲಿ ತಂಡ ಅಳುಕಿತು, ಆ ಎರಡು ಗೋಲಿನ ಸಾಲ ಕೊನೆವರೆಗೂ ತೀರಲಿಲ್ಲ. ನಾಲ್ಕೇ ದಿನದಲ್ಲಿ ಬ್ರಸೆಲ್ಸ್‌ಗೆ ಹೋಗಿ ಬೆಲ್ಜಿಯಂ ವಿರುದ್ಧ 6–1 ಗೆದ್ದರು. 1936ರ ಮೇ 6ರಂದು ವಿಯೆನ್ನಾದಲ್ಲಿ ಇಂಗ್ಲೆಂಡನ್ನೂ 2–1ರಿಂದ ಸೋಲಿಸಿದರು.

ಪ್ರಶ್ನೆ: ಹಳೆಯ ಅಂತಾರಾಷ್ಟ್ರೀಯ ಪಂದ್ಯಗಳ ದಾಖಲೆಯನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇನೆ. ಸಿಂಡೆಲಾರ್ ಗೋಲು ಒಂದು ಕಡೆ 26, ಇನ್ನೊಂದು ಕಡೆ 27. ಇಂಥ ಗೊಂದಲ ಬಗೆಹರಿಸುವುದು ಹೇಗೆ? (ಉಡುಪಿಯ ನಿವೃತ್ತ ಶಿಕ್ಷಕರು)

ಉತ್ತರ: ಗುರುಗಳೇ, ಪಂದ್ಯಗಳ ಸಂಖ್ಯೆ 43 ಎಂಬುದನ್ನು ಇಟ್ಟುಕೊಳ್ಳಿ. ಗೋಲಿನ ಅಂಕಣದಲ್ಲಿ ಒಟ್ಟು ಮೊತ್ತವನ್ನು ಎಲ್ಲಿಂದಲೂ ನಕಲು ಮಾಡಬೇಡಿ. ಪಂದ್ಯ ಪಂದ್ಯಕ್ಕೆ ಬರೆದು ಕೊನೆಗೆ ನೀವೇ ಕೂಡಿ. ಗುಂಪಿನಲ್ಲಿ ಬಿದ್ದ ಗೋಲನ್ನು ಒಂದು ಪತ್ರಿಕೆ ಒಬ್ಬರಿಗೆ, ಮತ್ತೊಂದು ಪತ್ರಿಕೆ ಇನ್ನೊಬ್ಬರಿಗೆ ಕೊಡುತ್ತಿದ್ದ ಕಾಲ ಅದು, ಅಂಗಿಯ ಮೇಲೆ ನಂಬರ್ ಕೂಡ ಇರಲಿಲ್ಲ. ಕೂಡಿದಾಗ ವ್ಯತ್ಯಾಸ ಬಂದರೆ ಯಾವ ಪಂದ್ಯದ ಯಾವ ಗೋಲು ಎಂಬುದು ಬೆರಳಿಟ್ಟು ತೋರಿಸುವಂತೆ ಸಿಗುತ್ತದೆ.

ಪ್ರತಿ ಪಂದ್ಯಕ್ಕೆ ಏಳು ಮನೆ ಹಾಕಿ: ದಿನಾಂಕ, ಊರು, ಎದುರಾಳಿ, ಗೋಲು, ಮೊದಲರ್ಧದ ಗೋಲು, ಪಂದ್ಯದ ಬಗೆ, ಷರಾ. ಗೋಲು ಬರೆಯುವಾಗ ಸದಾ ಆಸ್ಟ್ರಿಯಾವನ್ನೇ ಮೊದಲು ಬರೆಯಿರಿ. ತವರು ತಂಡವನ್ನು ಮೊದಲು ಬರೆಯುವ ಪಟ್ಟಿಯಿಂದ ನಕಲು ಮಾಡುವಾಗ ಬರ್ಲಿನ್‌ನ ಗೆಲುವು 0–6 ಎಂದು ಸೋಲಾಗಿ ಕುಳಿತುಬಿಡುತ್ತದೆ. ಊರಿನ ಮನೆ ಖಾಲಿ ಬಿಡಬೇಡಿ. ಹಂಗೇರಿ ಜೊತೆಗಿನ ಪಂದ್ಯಗಳು ಅಷ್ಟೊಂದು ಇರುವುದರಿಂದ, ಊರು ಬರೆಯದಿದ್ದರೆ ಒಂದಕ್ಕೊಂದು ಕಲಸಿಹೋಗುತ್ತವೆ.

ಕೆಲವು ಪಂದ್ಯಗಳನ್ನು ಮುಖ್ಯ ಪಟ್ಟಿಗೆ ಸೇರಿಸಬೇಡಿ. 1929ರ ಜನವರಿ 6ರಂದು ನ್ಯೂರೆಂಬರ್ಗ್‌ನ ಹಿಮದ ಮೇಲೆ 0–5 ಸೋತದ್ದು ದಕ್ಷಿಣ ಜರ್ಮನಿಯ ಪ್ರಾಂತೀಯ ತಂಡಕ್ಕೆ, ದೇಶಕ್ಕಲ್ಲ. ಸಿಂಡೆಲಾರ್ ಬಹುಕಾಲ ತಂಡದಿಂದ ಹೊರಗಿದ್ದದ್ದು ಅದರ ನಂತರವೇ ಆದ್ದರಿಂದ ಷರಾದಲ್ಲಿ ಇರಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಬೆಳ್ಳಿ ಹವ್ಯಾಸಿ ಆಟಗಾರರ ತಂಡದ್ದು, ಸಿಂಡೆಲಾರ್ ಮತ್ತಿತರ ವೃತ್ತಿಪರರು ಅದರಲ್ಲಿಲ್ಲ. ಅದಕ್ಕೆ ಬೇರೆ ಪುಟ. 1937ರ ಮಾರ್ಚ್ 21ರಂದು ವಿಯೆನ್ನಾದಲ್ಲಿ ಇಟಲಿ ವಿರುದ್ಧ 2–0 ಇದ್ದಾಗ ಒರಟಾಟದಿಂದ ರೆಫರಿ ಪಂದ್ಯ ನಿಲ್ಲಿಸಿದರು. ಅದನ್ನು ಬರೆದು ಪಕ್ಕದಲ್ಲಿ 'ಅಪೂರ್ಣ' ಎಂದು ಹಾಕಿ, ಗೆಲುವಿಗೆ ಎಣಿಸಬೇಡಿ.

ಕೊನೆಯದು 1938ರ ಏಪ್ರಿಲ್ 3. ಮಾರ್ಚ್ 12ಕ್ಕೆ ಜರ್ಮನ್ ಸೇನೆ ಆಸ್ಟ್ರಿಯಾ ಹೊಕ್ಕಿತ್ತು, ದೇಶವೇ ಜರ್ಮನಿಗೆ ಸೇರಿಹೋಗಿತ್ತು. ಪ್ರಾಟರ್ ಕ್ರೀಡಾಂಗಣದಲ್ಲಿ ಹಳೆಯ ಆಸ್ಟ್ರಿಯಾ ಆಟಗಾರರು ಜರ್ಮನಿಯ ತಂಡದ ವಿರುದ್ಧ ಆಡಿ 2–0 ಗೆದ್ದರು. ಗೋಲು ಸಿಂಡೆಲಾರ್ ಮತ್ತು ಸೆಸ್ತಾ. ಎರಡು ದೇಶಗಳ ನಡುವಿನ ಪಂದ್ಯ ಅದಲ್ಲ, ಒಂದು ದೇಶ ಆಗಲೇ ಇರಲಿಲ್ಲ. ಆ ಬೇಸಿಗೆಯ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದ ಆಸ್ಟ್ರಿಯಾದ ಜಾಗ ಖಾಲಿ ಉಳಿಯಿತು, ಎದುರಾಳಿ ಸ್ವೀಡನ್ ಆಡದೆಯೇ ಮುಂದೆ ಹೋಯಿತು. ಆದ್ದರಿಂದ ಏಪ್ರಿಲ್ 3ರ ಪಂದ್ಯಕ್ಕೆ ಕ್ರಮಸಂಖ್ಯೆ ಕೊಡದೆ, ಪಟ್ಟಿಯ ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಬರೆಯಿರಿ.