ಮರದ ಹೆಸರು ಬಿಡಿ, ತುದಿ ನೋಡಿ
ಕೈಕೆಲಸದ ಮರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆ ಮನೆ ಬಿಚ್ಚಿದ ಮರ ಮಾರುವವರಿಂದ ಒಂದು ದಪ್ಪ ತುಂಡು ತಂದಿದ್ದೇನೆ. ಒಡವೆ ಪೆಟ್ಟಿಗೆ ಮಾಡುವ ಆಸೆ. ಅಂಗಡಿಯವರು ಬೀಟೆ ಅಂದರು, ನಮ್ಮ ಆಚಾರಿ ನೋಡಿ ನಕ್ಕು ಅಕೇಶಿಯಾ ಅಂದರು. ಯಾರನ್ನು ನಂಬುವುದು?
– ಉಡುಪಿಯ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಮೊದಲು ತುಂಡಿನಲ್ಲಿ ಮೊಳೆ ಹೊಡೆದ ತೂತು ಇದೆಯಾ ನೋಡಿ. ಹಳೆ ಮೊಳೆಯ ಸುತ್ತ ಕಬ್ಬಿಣದ ಕಪ್ಪು ಕಲೆ ಮರದ ಒಳಗೆ ಇಳಿದಿದ್ದರೆ ಅದು ನಿಜವಾಗಿ ಹಳೆ ಮನೆಯದ್ದೇ ಇರಬೇಕು. ಹಾಗಾದರೆ ಅಕೇಶಿಯಾ ಅನ್ನುವ ಮಾತು ಬಹುತೇಕ ಬಿದ್ದುಹೋಯಿತು. ನಮ್ಮ ಗುಡ್ಡಗಳಿಗೆ ಅಕೇಶಿಯಾ ನೆಡುತೋಪು ಬಂದದ್ದು ಆಮೇಲೆ, ಅಜ್ಜನ ಕಾಲದ ಹೆಂಚಿನ ಮನೆಯ ಪಕ್ಕಾಸಿನಲ್ಲಿ ಅದು ಎಲ್ಲಿಂದ ಬರಬೇಕು?

ಈಗ ತುದಿಗೆ ಬನ್ನಿ. ಮರ ಗುರುತಿಸುವವರು ಹಲಗೆಯ ಮೈ ನೋಡಿ ತೀರ್ಮಾನ ಮಾಡುವುದಿಲ್ಲ, ಯಾಕೆಂದರೆ ಮೈಗೆ ಯಾವ ಬಣ್ಣ ಬೇಕಾದರೂ ಹೊಡೆಯಬಹುದು. ಅಡ್ಡ ಕೊಯ್ದ ತುದಿಯನ್ನು ಹೊಸ ಬ್ಲೇಡಿನಿಂದ ಒಂದು ಬೆರಳಗಲ ನುಣ್ಣಗೆ ಕೆರೆಯಿರಿ, ಸ್ವಲ್ಪ ನೀರು ಸವರಿ, ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ. ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಸಾಗುವಾನಿಯಲ್ಲಿ ದೊಡ್ಡ ರಂಧ್ರಗಳು ಉಂಗುರದ ಗೆರೆ ಹಿಡಿದು ಸಾಲಾಗಿ ನಿಂತಿರುತ್ತವೆ. ಬೀಟೆಯಲ್ಲಿ ಹಾಗೆ ಸಾಲು ಇರುವುದಿಲ್ಲ, ಅಲ್ಲಲ್ಲಿ ಚದುರಿರುತ್ತವೆ, ಮರದ ಬಣ್ಣದಲ್ಲಿ ನೇರಳೆ ಛಾಯೆ ಮತ್ತು ಕಪ್ಪು ಪಟ್ಟೆ ಇರುತ್ತದೆ. ಕೆರೆದ ಪುಡಿ ಮೂಸಿ ನೋಡಿ: ಬೀಟೆಗೆ ಸಿಹಿ ವಾಸನೆ, ಸಾಗುವಾನಿಗೆ ಎಣ್ಣೆ-ಚರ್ಮ ಸೇರಿದ ಹಾಗೆ ಒಂದು ವಾಸನೆ, ಮುಟ್ಟಿದರೂ ಸ್ವಲ್ಪ ಜಿಡ್ಡು.

ಆಮೇಲೆ ತೂಕ. ತುಂಡು ಚೌಕವಾಗಿದ್ದರೆ ಉದ್ದ, ಅಗಲ, ದಪ್ಪ ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಗ್ರಾಂನಲ್ಲಿ ನೋಡಿ, ಆ ತೂಕವನ್ನು ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಒಣಗಿದ ಸಾಗುವಾನಿ ಸುಮಾರು 0.65 ಬರುತ್ತದೆ, ಬೀಟೆ 0.85ರ ಆಸುಪಾಸು. ಒಂದರ ಹತ್ತಿರ ಹೋಯಿತು, ಬಣ್ಣ ಕಂದು, ಉಳಿ ಹಿಡಿದರೆ ಜಾರುತ್ತದೆ ಅಂತಾದರೆ ಅದು ಕಿರಾಲ್‌ಬೋಗಿ ಇರುವ ಸಾಧ್ಯತೆ ಜಾಸ್ತಿ. ನಮ್ಮ ಕಡೆ ಹಳೆ ಮನೆಗಳ ತೊಲೆಗೆ ಅದನ್ನೇ ಹಾಕುತ್ತಿದ್ದರು. ನನ್ನ ಊಹೆಯೂ ಅದೇ. ಪೆಟ್ಟಿಗೆಗೆ ಅದು ಕಷ್ಟ, ಮೊಳೆ ಕೂಡ ಹತ್ತುವುದಿಲ್ಲ, ಡ್ರಿಲ್ ಮಾಡಿಯೇ ಸ್ಕ್ರೂ ಹಾಕಬೇಕು. ಭಾರವೂ ಹೌದು. ಕಾಲುಮಣೆ ಮಾಡಿ, ಮೊಮ್ಮಕ್ಕಳ ತನಕ ಬರುತ್ತದೆ.

ಅಂದ ಹಾಗೆ, ಬಣ್ಣ ಹೊಡೆದ ಮರ ಅಂತ ಅನುಮಾನ ಇದ್ದರೆ ಹತ್ತಿಗೆ ಸ್ಪಿರಿಟ್ ಹಾಕಿ ಮೂಲೆಯಲ್ಲಿ ಉಜ್ಜಿ. ಹತ್ತಿ ಚಹಾ ಬಣ್ಣಕ್ಕೆ ತಿರುಗಿದರೆ ಪಾಲಿಶ್ ಇಳಿಯುತ್ತಿರಬಹುದು, ಅದರ ಕೆಳಗೆ ಏನಿದೆ ಅಂತ ತುದಿಯಲ್ಲೇ ನೋಡಬೇಕು. ಬೀಟೆಯನ್ನು ದಿಮ್ಮಿಯಾಗಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬಿಲ್ಲು ಮತ್ತು ಅರಣ್ಯ ಇಲಾಖೆಯ ಸಾಗಾಟದ ಪರವಾನಗಿ ಕೇಳಿ. ಕೊಡಲಿಲ್ಲ ಅಂದರೆ ಸುಮ್ನೆ ಬಂದುಬಿಡಿ.

ಪ್ರಶ್ನೆ: ಕಳೆದ ಮಳೆಗೆ ಮನೆಯ ಹಲಸಿನ ಮರ ಬಿತ್ತು. ಚೆನ್ನೆಮಣೆ ಮತ್ತು ಊಟದ ಮಣೆ ಮಾಡಬೇಕು. ಈಗಲೇ ಕೊಯ್ಯಿಸಬಹುದಾ?
– ಮೂಡುಬಿದಿರೆಯ ಓದುಗರು

ಉತ್ತರ: ಕೊಯ್ಯಿಸಿ, ತಡ ಮಾಡಬೇಡಿ. ದಿಮ್ಮಿಯಾಗಿ ಮಳೆಯಲ್ಲಿ ಬಿಟ್ಟರೆ ತೊಗಟೆ ಅಡಿಯಿಂದ ಹುಳ ಶುರುವಾಗುತ್ತದೆ, ತುದಿ ಸೀಳುತ್ತದೆ. ಕೊಯ್ದ ದಿನವೇ ಎರಡೂ ತುದಿಗೆ ದಪ್ಪ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ, ಮರದ ನೀರು ಅಲ್ಲಿಂದಲೇ ಬೇಗ ಹೋಗುವುದು. ಸೀಳು ಬರುವುದೂ ಅದಕ್ಕೇ. ಮಿಲ್ಲಿನಲ್ಲಿ ನಡುವಿನ ಬಿಂದು ಯಾವ ಹಲಗೆಗೂ ಬರದ ಹಾಗೆ ಕೊಯ್ಯಲು ಹೇಳಿ. ಆಮೇಲೆ ಹಲಗೆಗಳ ಮಧ್ಯೆ ರೀಪು (ಮರದ ತೆಳು ಪಟ್ಟಿ) ಇಟ್ಟು, ಮೇಲೆ ಭಾರ ಹೇರಿ, ಗಾಳಿ ಬರುವ ಕೊಟ್ಟಿಗೆಯಲ್ಲಿ ಜೋಡಿಸಿ. ಬಿಸಿಲಿಗೆ ಇಡಬೇಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ, ಆದರೆ ನಮ್ಮಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಒಣಗುವುದು ನಿಂತೇ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಮಾರ್ಚ್-ಏಪ್ರಿಲ್‌ನಲ್ಲಿ ಕೆಲಸಕ್ಕೆ ಇಳಿಯಿರಿ.

ಚೆನ್ನೆಮಣೆಗೆ ಮಾತ್ರ ಬೇರೆ ದಾರಿ ಇದೆ. ಹಸಿ ಇರುವಾಗಲೇ ಹದಿನಾಲ್ಕು ಗುಳಿಗಳನ್ನು ಸ್ವಲ್ಪ ಕಮ್ಮಿ ಆಳಕ್ಕೆ, ಬದಿಯನ್ನು ಸ್ವಲ್ಪ ದಪ್ಪಕ್ಕೆ ಕೆತ್ತಿ ಇಡಿ. ಹಸಿ ಹಲಸು ಉಳಿಗೆ ಬೆಣ್ಣೆ. ದಪ್ಪ ಕಮ್ಮಿಯಾದ ಕಾರಣ ಬೇಗ ಮತ್ತು ಸಮ ಒಣಗುತ್ತದೆ, ಒಣಗಿ ಸ್ವಲ್ಪ ಬಾಗಿದರೂ ಆಗ ಕೀಸಿ ಸರಿ ಮಾಡಬಹುದು. ಮುಂದಿನ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಮಂಜೊಟ್ಟಿಯ ಕೆಂಪು ಬೀಜ ಹಾಕಿ ಆಡಬಹುದು. ಈಗ ಹಳದಿ ಕಾಣುವ ಹಲಸು ಬೆಳಕಿಗೆ ಕಂದು ಆಗುತ್ತದೆ, ಪಾಲಿಶ್ ಹೊಡೆದು ಅವಸರ ಮಾಡುವುದು ಬೇಡ. ಹೊರಗಿನ ಬಿಳಿ ಭಾಗ ತೆಗೆದುಬಿಡಿ, ಕುಟ್ಟೆ ಹುಳಕ್ಕೆ ಅದೇ ಊಟ. ಒಳ್ಳೆ ತಿರುಳು ಸಿಕ್ಕಿದರೆ ಉಳಿದದ್ದನ್ನು ಎಸೆಯಬೇಡಿ, ಚೆಂಡೆ ಮದ್ದಳೆ ಮಾಡುವವರಿಗೆ ಹಲಸೇ ಬೇಕು, ಕೇಳಿ ನೋಡಿ.

ಪ್ರಶ್ನೆ: ಹೊನ್ನೆ ಮರದ ಲೋಟ ತಂದೆ. ನೀರು ಬಣ್ಣ ಬದಲಾದರೆ ಅಸಲಿ ಅನ್ನುತ್ತಾರೆ, ಹೌದಾ?
– ಸುರತ್ಕಲ್‌ನ ಓದುಗರು

ಉತ್ತರ: ಅರ್ಧ ಹೌದು. ನೀರು ಕಂದಾಗುವುದು ಪರೀಕ್ಷೆಯೇ ಅಲ್ಲ, ಎಷ್ಟೋ ಮರ ಬಣ್ಣ ಬಿಡುತ್ತದೆ. ಹೊನ್ನೆಯ ನೀರನ್ನು ಗಾಜಿನ ಲೋಟಕ್ಕೆ ಹಾಕಿ, ಕಪ್ಪು ಬಟ್ಟೆಯ ಮುಂದೆ ಬಿಸಿಲಿಗೆ ಹಿಡಿದು ಬದಿಯಿಂದ ನೋಡಿ, ಅಂಚಿನಲ್ಲಿ ನೀಲಿ ಮಿನುಗು ಕಾಣಬೇಕು. ಅದು ನೋಡಲು ಚಂದ. ಆದರೆ ಈ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುವ ನಂಬಿಕೆ ಇದೆ, ಆ ಕಾಯಿಲೆ ಇರುವವರು ಲೋಟ ನಂಬಿ ಮಾತ್ರೆ ಬಿಡಬೇಡಿ. ರಾತ್ರಿ ನೀರು ಚೆಲ್ಲಿ ಬೋರಲು ಹಾಕಿ, ಇಲ್ಲದಿದ್ದರೆ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಅಡುಗೆಗೆ ಮರದ ಸೌಟು ಕೆತ್ತಲು ಯಾವ ಮರ? ಎಣ್ಣೆ ಯಾವುದು?
– ಮಂಗಳೂರಿನ ಓದುಗರು

ಉತ್ತರ: ಹಲಸು ಸಾಕು. ರಂಧ್ರ ಸಣ್ಣದಿದ್ದಷ್ಟೂ ತೊಳೆಯಲು ಸುಲಭ, ಅದೊಂದನ್ನು ನೋಡಿ. ಕಾಸರಕ ಮಾತ್ರ ಬೇಡವೇ ಬೇಡ, ಅದರ ಬೀಜ ಮತ್ತು ತೊಗಟೆಯಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಯಾವ ಮರ ಅಂತ ಗೊತ್ತಿಲ್ಲದ ತುಂಡೂ ಅಡುಗೆಮನೆಗೆ ಬೇಡ. ಗಿಡ ನೋಡಿಯೇ ಕಲಿಯುವ ಆಸಕ್ತಿ ಇದ್ದರೆ ಮಂಗಳೂರಿನ ಪಿಲಿಕುಳದ ಸಸ್ಯವನಕ್ಕೆ ಹೋಗಿ ಬನ್ನಿ, ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ಬೆಳೆಸಿದ್ದಾರೆ.

ಎಣ್ಣೆಗೆ, ಒಣಗಿ ಗಟ್ಟಿಯಾಗುವಂಥದ್ದು ಬೇಕು. ತೆಂಗಿನೆಣ್ಣೆ ಒಣಗುವುದಿಲ್ಲ, ಸೌಟು ಜಿಡ್ಡಾಗಿಯೇ ಉಳಿಯುತ್ತದೆ. ತಿನ್ನುವ ಶುದ್ಧ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ವಾರಗಟ್ಟಲೆ ಒಣಗಲು ಬಿಡಿ. ಪೇಂಟ್ ಅಂಗಡಿಯ ‘ಬಾಯಿಲ್ಡ್’ ಲಿನ್ಸೀಡ್ ಎಣ್ಣೆಯೂ ಅಗಸೆ ಎಣ್ಣೆಯೇ, ಆದರೆ ಅದರಲ್ಲಿ ಬೇಗ ಒಣಗಲು ಹೆಚ್ಚಾಗಿ ಲೋಹದ ರಾಸಾಯನಿಕ ಸೇರಿಸಿರುತ್ತಾರೆ, ತಿನ್ನುವ ವಸ್ತುವಿಗೆ ಅದು ಬೇಡ. ಇನ್ನೊಂದು ಮುಖ್ಯ ವಿಷಯ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ನನ್ನನ್ನು ಕೇಳಿದರೆ ಸಾರು ಬಡಿಸಲು ಕರಟದ ಸೌಟೇ ಚಂದ, ಅದಕ್ಕೆ ಎಣ್ಣೆಯೂ ಬೇಡ.