ಗಣಿ ಮುಚ್ಚಿದ ಬೆಟ್ಟದಲ್ಲಿ ಮರ ಯಾಕೆ ಬೆಳೆದಿಲ್ಲ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಪೂರ್ವ ಕೆಂಟಕಿಯ ಬೆಟ್ಟಗಳಲ್ಲಿ ಸುತ್ತಾಡಿದೆವು. ಸುತ್ತಲೂ ದಟ್ಟ ಕಾಡು, ನಡುವೆ ಕೆಲವು ಬೆಟ್ಟಗಳ ಮೇಲೆ ಬರೀ ಹುಲ್ಲು. ಅಲ್ಲಿ ಕಲ್ಲಿದ್ದಲು ತೆಗೆದು ಮುಚ್ಚಿ ಇಪ್ಪತ್ತು ವರ್ಷವಾಯಿತು ಎಂದರು ಅಳಿಯ. ಅಷ್ಟು ಮಳೆ ಬೀಳುವ ಕಡೆ ಮರ ಯಾಕೆ ಬಂದಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಮಣ್ಣು ತುಂಬಿದ್ದಾರೆ, ಆದರೆ ತುಂಬಿದ ಮೇಲೆ ಜಾಸ್ತಿ ಅದುಮಿದ್ದಾರೆ.

ನಿಮ್ಮ ಕಡೆ ರಾಗಿ ಒಕ್ಕಣೆಗೆ ಕಣ ಮಾಡುತ್ತಾರಲ್ವಾ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಸಾರಿಸಿ? ಆ ಕಣದಲ್ಲಿ ಮಾವಿನ ಸಸಿ ನೆಟ್ಟರೆ ಬದುಕುತ್ತಾ? ಅಲ್ಲೂ ಹಾಗೇ ಆಯಿತು.

1977ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಗಣಿ ಕಂಪನಿಗಳು ಮೊದಲೇ ಠೇವಣಿ ಇಡಬೇಕು, ಅಗೆದ ಮೇಲೆ ನೆಲವನ್ನು ಹೆಚ್ಚುಕಡಿಮೆ ಹಳೆಯ ಆಕಾರಕ್ಕೆ ತಂದು ಹಸಿರು ಬೆಳೆಸಬೇಕು, ಆಮೇಲೆಯೇ ಪೂರ್ತಿ ದುಡ್ಡು ವಾಪಸ್. ಬೇಕೇ ಬೇಕಿದ್ದ ಕಾನೂನು ಅದು. ಆದರೆ ಗುಡ್ಡ ಕುಸಿದೀತು, ಮಣ್ಣು ಕೊಚ್ಚಿ ಹೋದೀತು ಎಂಬ ಭಯಕ್ಕೆ ಬುಲ್ಡೋಜರನ್ನು ಹಿಂದೆ ಮುಂದೆ ಓಡಿಸಿ ನೆಲವನ್ನು ನುಣ್ಣಗೆ ಗಟ್ಟಿ ಮಾಡಿದರು, ಮೇಲೆ ಬೇಗ ಹಬ್ಬುವ ಹುಲ್ಲಿನ ಬೀಜ ಚೆಲ್ಲಿದರು. ಬೇರು ಇಳಿಯಲಿಲ್ಲ. ನೆಟ್ಟ ಸಸಿಗಳನ್ನು ಹುಲ್ಲೇ ನುಂಗಿಹಾಕಿತು.

ಈಗ ದಾರಿ ಗೊತ್ತಾಗಿದೆ. ಕನಿಷ್ಠ ನಾಲ್ಕು ಅಡಿ ಮಣ್ಣು, ಕಲ್ಲು ಹೆಂಟೆ ಎಲ್ಲ ಸೇರಿ, ಸಡಿಲವಾಗಿ ಸುರಿದು ಸುಮ್ನೆ ಬಿಡಬೇಕು. 2004ರಿಂದ ಅಲ್ಲಿನ ಕೇಂದ್ರ ಮತ್ತು ರಾಜ್ಯಗಳ ಗಣಿ ಇಲಾಖೆಗಳು ಸೇರಿ ಇದನ್ನೇ ಹೇಳುತ್ತಿವೆ. ನೀವು ನೋಡಿದಂಥ ಹಳೆಯ ಜಾಗವಾದರೆ, ಬುಲ್ಡೋಜರಿನ ಹಿಂದೆ ಉದ್ದನೆಯ ಉಕ್ಕಿನ ಹಲ್ಲು ಕಟ್ಟಿ ಮೂರ್ನಾಲ್ಕು ಅಡಿ ಆಳಕ್ಕೆ ಸೀಳುತ್ತಾರೆ, ಮತ್ತೆ ಅಡ್ಡಡ್ಡ ಸೀಳುತ್ತಾರೆ. ದೊಡ್ಡ ದೊಡ್ಡ ಬಂಡೆಗಳು ಮೇಲೆದ್ದು ಬರುತ್ತವೆ. ನೋಡಲು ಚೆನ್ನಾಗಿರಲ್ಲ, ಆದರೆ ಸಸಿಗೆ ಬೇಕಿರುವುದು ಅದೇ. ಆ ಸೀಳುಗಳಲ್ಲಿ ಓಕ್ ನೆಡುತ್ತಾರೆ, ಚೆಸ್ಟ್‌ನಟ್ ಕೂಡ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗಕ್ಕೆ ಕೋಟಿಗಟ್ಟಲೆ ಸತ್ತ ಮರ ಅದು. ರೋಗ ತಡೆದುಕೊಳ್ಳಲಿ ಎಂದು ಚೀನಾದ ಚೆಸ್ಟ್‌ನಟ್ ಜೊತೆ ಸಂಕರ ಮಾಡಿದ ಸಸಿಗಳು ಈ ಗಣಿ ಬೆಟ್ಟಗಳಲ್ಲಿ ಬೇರು ಬಿಡುತ್ತಿವೆ ಎಂದು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಹಳ್ಳಗಳ ಮಾತೇ ಬೇರೆ. ಬೆಟ್ಟದ ತಲೆ ಕತ್ತರಿಸಿದ ಕಡೆ ಕಲ್ಲುಮಣ್ಣನ್ನು ಕಣಿವೆಗೇ ಸುರಿದಿದ್ದಾರೆ, ಅದರಡಿ ಹೂತು ಹೋದ ತೊರೆಗಳು ಸಸಿ ನೆಟ್ಟರೆ ವಾಪಸ್ ಬರಲ್ಲ.

ಮುಂದಿನ ಸಲ ಹೋಗುವುದಾದರೆ ಮಾರ್ಚ್–ಏಪ್ರಿಲ್‌ನಲ್ಲಿ ಹೋಗಿ. ಸಸಿ ನೆಡಲು ಊರಿನವರನ್ನೂ ಶಾಲೆ ಮಕ್ಕಳನ್ನೂ ಕರೆಯುವ ಕಾಲ ಅದು. ಗಟ್ಟಿ ಬೂಟು ಹಾಕಿಕೊಳ್ಳಿ, ಸೀಳಿದ ನೆಲದ ಮೇಲೆ ನಡೆಯುವುದು ಕಷ್ಟ.